ಮರಳುಗಾಡಿನ ಬಂಡಾಯ ಮತ್ತು ಬ್ರಿಟನ್ ತೀರಿಸದ ಋಣ

ಮೊದಲ ಮಹಾಯುದ್ಧದ ಕಾಲದ ಅರಬ್ ಬಂಡಾಯ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬಿಳಿ ನಿಲುವಂಗಿ ತೊಟ್ಟು ಒಂಟೆಯೇರಿದ ಒಬ್ಬ ಇಂಗ್ಲಿಷ್ ಅಧಿಕಾರಿ. 1962ರಲ್ಲಿ ತೆರೆಕಂಡ ‘ಲಾರೆನ್ಸ್ ಆಫ್ ಅರೇಬಿಯಾ’ ಸಿನಿಮಾ ಆ ಚಿತ್ರವನ್ನು ಜಗತ್ತಿನಾದ್ಯಂತ ಊರಿಸಿತು. ಅದಕ್ಕೆ ನಾಲ್ಕು ದಶಕ ಮುಂಚೆಯೇ, 1919ರಲ್ಲಿ, ಲೋವೆಲ್ ಥಾಮಸ್ ಎಂಬ ಅಮೆರಿಕದ ಪತ್ರಕರ್ತ ಲಂಡನ್ನಿನ ರಂಗಮಂದಿರಗಳಲ್ಲಿ ಚಿತ್ರ ತೋರಿಸುತ್ತ ಉಪನ್ಯಾಸ ಕೊಟ್ಟು ಟಿ.ಇ. ಲಾರೆನ್ಸನನ್ನು ಮನೆಮಾತಾಗಿಸಿದ್ದ. ಈ ಕಥೆಯಲ್ಲಿ ಬುಡಕಟ್ಟುಗಳನ್ನು ಒಗ್ಗೂಡಿಸುವವನು, ಯುದ್ಧತಂತ್ರ ಹೆಣೆಯುವವನು, ಡಮಾಸ್ಕಸ್ ಗೆಲ್ಲುವವನು ಎಲ್ಲ ಅವನೊಬ್ಬನೇ. ಇದಕ್ಕೆ ತದ್ವಿರುದ್ಧವಾಗಿ ಕಾಣುವ ಇನ್ನೊಂದು ಕಥೆಯೂ ಇದೆ: ಮುಸ್ಲಿಂ ಜಗತ್ತನ್ನು ಒಡೆಯಲು ಬ್ರಿಟನ್ ಚಿನ್ನ ಚೆಲ್ಲಿ ಹುಟ್ಟುಹಾಕಿದ ಪಿತೂರಿಯೇ ಈ ದಂಗೆ ಎಂಬುದು. ಮೊದಲನೆಯದು ಬ್ರಿಟನ್ನನ್ನು ಹೊಗಳುತ್ತದೆ, ಎರಡನೆಯದು ತೆಗಳುತ್ತದೆ. ಆದರೆ ಎರಡರಲ್ಲೂ ಅರಬರು ಬೇರೆಯವರು ಆಡಿಸಿದಂತೆ ಆಡುವವರು. ಹಾಗೆ ನೋಡುವುದು ಚರಿತ್ರೆಗೆ ಬಗೆಯುವ ಅನ್ಯಾಯ. ಬಂಡಾಯದ ನಿರ್ಧಾರ ಅರಬರದು, ಅದನ್ನು ಬದುಕಿಸಿದ ಸಾಧನಗಳು ಬ್ರಿಟನ್ನಿನವು. ಈ ಎರಡು ಮಾತನ್ನೂ ಒಟ್ಟಿಗೆ ಒಪ್ಪಿಕೊಂಡಾಗ ಮಾತ್ರ, ಯುದ್ಧ ಮುಗಿದ ಮೇಲೆ ಬ್ರಿಟನ್ ಮುರಿದ ಮಾತಿನ ತೂಕ ಎಷ್ಟೆಂದು ಗೊತ್ತಾಗುತ್ತದೆ.

ತಾರೀಖುಗಳನ್ನೇ ನೋಡೋಣ. ಲಾರೆನ್ಸ್ ಜಿದ್ದಾ ಬಂದರಿನಲ್ಲಿ ಇಳಿದದ್ದು 1916ರ ಅಕ್ಟೋಬರ್ 16ರಂದು. ಮೆಕ್ಕಾದಲ್ಲಿ ಷರೀಫ್ ಹುಸೇನ್ ತುರ್ಕರ ವಿರುದ್ಧ ಬಂಡೆದ್ದದ್ದು ಅದೇ ವರ್ಷದ ಜೂನ್ 10ರಂದು. ಲಾರೆನ್ಸ್ ಬರುವ ಹೊತ್ತಿಗೆ ಮೆಕ್ಕಾ, ಜಿದ್ದಾ, ತಾಯಿಫ್ ಮೂರೂ ಒಟ್ಟೋಮನ್ ಸೈನ್ಯದ ಕೈತಪ್ಪಿ ಹೋಗಿದ್ದವು. ಬಂಡಾಯದ ಯೋಚನೆಯಂತೂ ಯುದ್ಧಕ್ಕಿಂತಲೂ ಹಳೆಯದು. 1914ರ ಫೆಬ್ರುವರಿಯಲ್ಲಿ, ಯುರೋಪಿನಲ್ಲಿ ಒಂದು ಗುಂಡೂ ಹಾರದಿದ್ದಾಗ, ಹುಸೇನನ ಮಗ ಅಬ್ದುಲ್ಲಾ ಈಜಿಪ್ಟಿನಲ್ಲಿ ಬ್ರಿಟನ್ನಿನ ಪ್ರತಿನಿಧಿಯಾಗಿದ್ದ ಲಾರ್ಡ್ ಕಿಚನರನನ್ನು ಕೈರೋದಲ್ಲಿ ಕಂಡು, ತಂದೆಗೂ ತುರ್ಕಿ ಸರ್ಕಾರಕ್ಕೂ ಮನಸ್ತಾಪ ಬಂದರೆ ಬ್ರಿಟನ್ ಯಾರ ಕಡೆ ನಿಲ್ಲುತ್ತದೆ ಎಂದು ವಿಚಾರಿಸಿದ್ದ. ತುರ್ಕಿಯೊಡನೆ ಬ್ರಿಟನ್ನಿಗೆ ಆಗ ಸ್ನೇಹ ಸಂಬಂಧವಿದ್ದುದರಿಂದ ಕೈರೋದ ಅಧಿಕಾರಿಗಳು ನೆರವು ನಿರಾಕರಿಸಿದರು. ಬ್ರಿಟನ್ ಅರಬರನ್ನು ಹುಡುಕಿಕೊಂಡು ಹೋಗುವ ಮೊದಲೇ ಅರಬರು ಬ್ರಿಟನ್ನಿನ ಬಾಗಿಲು ತಟ್ಟಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಅವರು ಬಾಗಿಲು ತಟ್ಟಿದ್ದೇಕೆ? 1908ರಲ್ಲಿ ಹುಸೇನ್ ಮೆಕ್ಕಾದ ಅಮೀರನಾದ. ಅದೇ ವರ್ಷ ಡಮಾಸ್ಕಸ್‌ನಿಂದ ಮದೀನಾದವರೆಗಿನ ಸುಮಾರು 1,300 ಕಿಲೋಮೀಟರ್ ಉದ್ದದ ಹಿಜಾಜ್ ರೈಲು ಮಾರ್ಗ ಪೂರ್ಣವಾಯಿತು. ಅದೇ ವರ್ಷವೇ ಇಸ್ತಾಂಬುಲ್‌ನಲ್ಲಿ ಯುವ ತುರ್ಕರ ಕೈಗೆ ಅಧಿಕಾರ ಬಂತು. ಯಾತ್ರಿಕರು ಸುಖವಾಗಿ ಹೋಗಿಬರಲೆಂದು ಭಾರತದ ಮುಸ್ಲಿಮರೂ ದೇಣಿಗೆ ಕೊಟ್ಟು ಕಟ್ಟಿಸಿದ ಆ ರೈಲು, ಹಿಜಾಜಿನ ಬೆದುಯಿನ್ ಬುಡಕಟ್ಟುಗಳಿಗೆ ಹೊಟ್ಟೆಪಾಡಿನ ಶತ್ರುವಾಗಿ ಕಂಡಿತು. ಯಾತ್ರಿಕರ ತಂಡಗಳಿಗೆ ಒಂಟೆ ಬಾಡಿಗೆಗೆ ಕೊಟ್ಟು, ದಾರಿಯ ಕಾವಲು ಕಾದು ಬದುಕುತ್ತಿದ್ದವರು ಅವರು. ಹಳಿಯನ್ನು ಮೆಕ್ಕಾದವರೆಗೆ ಎಳೆದರೆ ತನ್ನ ಅಧಿಕಾರಕ್ಕೂ ಕುತ್ತು ಎಂದು ಹುಸೇನ್ ಬಲ್ಲ. ರೈಲಿನ ಹಿಂದೆ ಸೈನ್ಯ ಬರುತ್ತದೆ, ತೆರಿಗೆಯವನು ಬರುತ್ತಾನೆ. ಸಾಮ್ರಾಜ್ಯವನ್ನು ಕೇಂದ್ರದಿಂದಲೇ ಬಿಗಿಯಾಗಿ ಆಳಬೇಕೆಂಬ ಯುವ ತುರ್ಕರ ಹಟ, ಹುಸೇನನನ್ನು ಪದಚ್ಯುತಗೊಳಿಸುವ ಅವರ ಆಲೋಚನೆ ಇದಕ್ಕೆ ಸೇರಿಕೊಂಡವು. ಇನ್ನು ಸಿರಿಯಾದಲ್ಲಿ ಅಲ್‌ಫತಾತ್, ಅಲ್‌ಅಹ್ದ್ ಎಂಬ ಗುಪ್ತ ಸಂಘಗಳಿದ್ದವು. ಮೊದಲನೆಯದರಲ್ಲಿ ಓದಿದ ನಾಗರಿಕರು, ಎರಡನೆಯದರಲ್ಲಿ ಒಟ್ಟೋಮನ್ ಸೈನ್ಯದ ಅರಬ್ ಅಧಿಕಾರಿಗಳು. 1915ರಲ್ಲಿ ಹುಸೇನನ ಇನ್ನೊಬ್ಬ ಮಗ ಫೈಸಲ್ ಡಮಾಸ್ಕಸ್‌ನಲ್ಲಿ ಇವರನ್ನು ಕಂಡ. ಸ್ವತಂತ್ರ ಅರಬ್ ರಾಜ್ಯದ ಗಡಿ ಎಲ್ಲಿಂದ ಎಲ್ಲಿಯವರೆಗೆ ಇರಬೇಕೆಂದು ಅವರು ಬರೆದುಕೊಟ್ಟರು. ಸಿರಿಯಾದ ಸೇನಾಧಿಪತಿ ಜಮಾಲ್ ಪಾಷಾ ಈ ಚಳವಳಿಯವರನ್ನು ನೇಣಿಗೆ ಹಾಕಿಸಿದ. 1916ರ ಮೇ 6ರ ಒಂದೇ ದಿನ ಬೈರೂತ್ ಮತ್ತು ಡಮಾಸ್ಕಸ್‌ನ ಚೌಕಗಳಲ್ಲಿ 21 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅಷ್ಟರಲ್ಲಿ 3,500ರಷ್ಟು ತುರ್ಕಿ ಸೈನಿಕರ ತುಕಡಿಯೊಂದು ಯೆಮನ್‌ಗೆಂದು ಮದೀನಾದ ಹಾದಿ ಹಿಡಿದ ಸುದ್ದಿ ಬಂತು. ಇನ್ನು ಕಾದರೆ ತನ್ನ ಕೊರಳಿಗೇ ಹಗ್ಗ ಬೀಳುತ್ತದೆಂದು ಹುಸೇನನಿಗೆ ಖಚಿತವಾಯಿತು. ದಂಗೆಯ ದಿನವನ್ನು ನಿಗದಿ ಮಾಡಿದ್ದು ಈ ಭಯ, ಈ ಸಿಟ್ಟು. ಕೈರೋದ ಯಾವ ಕಚೇರಿಯೂ ಅದನ್ನು ನಿಗದಿ ಮಾಡಲಿಲ್ಲ.

ಬ್ರಿಟನ್ನಿಗೆ ಬೇಕಾಗಿದ್ದುದೇನು ಎಂಬುದೂ ಅಷ್ಟೇ ಸ್ಪಷ್ಟ. 1914ರ ನವೆಂಬರ್‌ನಲ್ಲಿ ಖಲೀಫನಾದ ಸುಲ್ತಾನನ ಹೆಸರಿನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ರಷ್ಯಾದ ವಿರುದ್ಧ ಜಿಹಾದ್ ಸಾರಲಾಗಿತ್ತು. ಬ್ರಿಟಿಷರ ಭಾರತೀಯ ಸೈನ್ಯದಲ್ಲಿ ಮುಸ್ಲಿಂ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. 1915ರ ಫೆಬ್ರುವರಿಯಲ್ಲಿ ಸಿಂಗಪುರದಲ್ಲಿ ಭಾರತೀಯ ದಳವೊಂದು ದಂಗೆಯೆದ್ದು ಆಳುವವರನ್ನು ನಡುಗಿಸಿತ್ತು. ಆ ಜಿಹಾದ್‌ಗೆ ಮೆಕ್ಕಾದ ಅಮೀರನೂ ದನಿಗೂಡಿಸಿದರೆ ಏನಾದೀತು ಎಂಬುದು ಲಂಡನ್ನಿನ ಚಿಂತೆ. ಯುದ್ಧಭೂಮಿಯ ಸುದ್ದಿಯೂ ಒಳ್ಳೆಯದಿರಲಿಲ್ಲ. ಗಲಿಪೊಲಿಯಿಂದ ಕಾಲ್ತೆಗೆಯಬೇಕಾಯಿತು. ಮೆಸಪೊಟೇಮಿಯಾದ ಕುಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಲುಕಿದ, ಬಹುಪಾಲು ಭಾರತೀಯರೇ ಇದ್ದ ಸೈನ್ಯ 1916ರ ಏಪ್ರಿಲ್ 29ರಂದು ಶರಣಾಯಿತು. ಆ ಶರಣಾಗತಿ ತಪ್ಪಿಸಲು ತುರ್ಕಿ ಸೇನಾಧಿಪತಿಗೆ ಮೊದಲು 10 ಲಕ್ಷ, ಬಳಿಕ 20 ಲಕ್ಷ ಪೌಂಡ್ ಕೊಡುವುದಾಗಿ ಬ್ರಿಟಿಷರು ಹೇಳಿಕಳಿಸಿದ್ದರು. ಆ ಕೆಲಸಕ್ಕೆ ಹೋಗಿ ಬರಿಗೈಯಲ್ಲಿ ಮರಳಿದವರಲ್ಲಿ ಲಾರೆನ್ಸ್ ಕೂಡ ಒಬ್ಬ. ಕುಟ್ ಬಿದ್ದ ಆರೇ ವಾರದಲ್ಲಿ ಮೆಕ್ಕಾದ ಬಂಡಾಯ ಸಿಡಿಯಿತು. ಹಣ ಕೊಟ್ಟರೂ ಸಿಗದಿದ್ದ ಸಹಾಯ ಬ್ರಿಟನ್ನಿಗೆ ಹಿಜಾಜಿನಿಂದ ದೊರೆತದ್ದು ಅದರ ಅತ್ಯಂತ ಸಂಕಟದ ಗಳಿಗೆಯಲ್ಲಿ. ಮುಂದೆ ‘ನಾವು ಅವರಿಗೆ ಉಪಕಾರ ಮಾಡಿದೆವು’ ಎಂದು ಲಂಡನ್ ಹೇಳಿಕೊಂಡಾಗ ಈ ಹಿನ್ನೆಲೆಯನ್ನು ಮರೆಯಬಾರದು.

ಒಪ್ಪಂದ ಕುದುರಿದ್ದು ಪತ್ರಗಳಲ್ಲಿ. 1915ರ ಜುಲೈನಿಂದ 1916ರ ಮಾರ್ಚ್‌ವರೆಗೆ ಹುಸೇನ್ ಮತ್ತು ಈಜಿಪ್ಟಿನ ಬ್ರಿಟಿಷ್ ಹೈಕಮಿಷನರ್ ಹೆನ್ರಿ ಮ್ಯಾಕ್‌ಮಹೊನ್ ನಡುವೆ ಹತ್ತು ಪತ್ರಗಳು ಹೋಗಿಬಂದವು. ಡಮಾಸ್ಕಸ್‌ನ ಸಂಘಗಳು ಗುರುತಿಸಿದ್ದ ಗಡಿಗಳನ್ನೇ ಹುಸೇನ್ ತನ್ನ ಮೊದಲ ಪತ್ರದಲ್ಲಿ ಕೇಳಿದ. 1915ರ ಅಕ್ಟೋಬರ್ 24ರ ಉತ್ತರದಲ್ಲಿ ಮ್ಯಾಕ್‌ಮಹೊನ್ ಅವನ್ನು ಕೆಲವು ಷರತ್ತಿನೊಂದಿಗೆ ಒಪ್ಪಿದ. ಮೆರ್ಸಿನ್, ಅಲೆಕ್ಸಾಂಡ್ರೆಟ್ಟಾ, ಹಾಗೆಯೇ ಡಮಾಸ್ಕಸ್, ಹೋಮ್ಸ್, ಹಮಾ, ಅಲೆಪ್ಪೊ ಈ ನಾಲ್ಕು ಊರುಗಳ ಸೀಮೆಗೆ ಪಶ್ಚಿಮದಲ್ಲಿರುವ ಸಿರಿಯಾದ ಭಾಗಗಳು ಪೂರ್ತಿ ಅರಬ್ ಅಲ್ಲವೆಂದು ಅವನ್ನು ಹೊರಗಿಟ್ಟ. ಬಾಗ್ದಾದ್ ಮತ್ತು ಬಸ್ರಾದಲ್ಲಿ ಬ್ರಿಟನ್ನಿಗೆ ವಿಶೇಷ ಆಡಳಿತ ವ್ಯವಸ್ಥೆ ಇರಬೇಕೆಂದ. ಫ್ರಾನ್ಸಿನ ಹಿತಕ್ಕೆ ಧಕ್ಕೆಯಾಗದ ಕಡೆ ಮಾತ್ರ ತನ್ನ ಮಾತು ಅನ್ವಯಿಸುತ್ತದೆ ಎಂದೂ ಸೇರಿಸಿದ. ಉಳಿದಂತೆ ಅರಬರ ಸ್ವಾತಂತ್ರ್ಯವನ್ನು ಬ್ರಿಟನ್ ಮಾನ್ಯ ಮಾಡಿ ಬೆಂಬಲಿಸುತ್ತದೆ ಎಂಬುದು ಆ ಪತ್ರದ ತಿರುಳು. ಪ್ಯಾಲೆಸ್ಟೈನ್ ಹೆಸರಾಗಲಿ ಜೆರುಸಲೇಮ್ ಹೆಸರಾಗಲಿ ಅದರಲ್ಲಿ ಎಲ್ಲೂ ಇಲ್ಲ. ಕೊನೆಯ ಪತ್ರದ ಶಾಯಿ ಒಣಗಿ ಎರಡು ತಿಂಗಳಾಗುವಷ್ಟರಲ್ಲಿ, 1916ರ ಮೇ 16ರಂದು, ಬ್ರಿಟನ್ ಮತ್ತು ಫ್ರಾನ್ಸ್ ಗುಟ್ಟಾಗಿ ಸೈಕ್ಸ್-ಪಿಕೊ ಒಪ್ಪಂದ ಮಾಡಿಕೊಂಡವು. ಸಿರಿಯಾದ ಕರಾವಳಿ ಫ್ರಾನ್ಸಿಗೆ, ದಕ್ಷಿಣ ಮೆಸಪೊಟೇಮಿಯಾ ಬ್ರಿಟನ್ನಿಗೆ, ಪ್ಯಾಲೆಸ್ಟೈನಿನ ಬಹುಭಾಗಕ್ಕೆ ಅಂತರರಾಷ್ಟ್ರೀಯ ಆಡಳಿತ, ಹೈಫಾ ಮತ್ತು ಏಕರ್ ಬಂದರುಗಳು ಬ್ರಿಟನ್ನಿಗೆ. ಅರಬ್ ರಾಜ್ಯಕ್ಕೆಂದು ಬಿಟ್ಟ ಒಳನಾಡನ್ನೂ ಎರಡು ಪ್ರಭಾವ ವಲಯಗಳಾಗಿ ಹಂಚಿಕೊಂಡರು. ಹುಸೇನ್ ಬಂದೂಕು ಎತ್ತುವ ಇಪ್ಪತ್ತೈದು ದಿನ ಮುಂಚಿನ ಮಾತಿದು. ಆತನಿಗೆ ಇದರ ಸುಳಿವೂ ಇರಲಿಲ್ಲ.

ಬ್ರಿಟನ್ ಕೊಟ್ಟ ನೆರವು ಸಣ್ಣದಲ್ಲ. ಅದನ್ನು ಚಿಕ್ಕದು ಮಾಡಿ ಹೇಳುವ ಅರಬ್ ಲೇಖಕರೂ ಉಂಟು, ಆದರೆ ಪುರಾವೆ ಅವರ ಕಡೆಗಿಲ್ಲ. ಜಿದ್ದಾ ಜೂನ್ 16ರಂದು ಶರಣಾದದ್ದು ಬ್ರಿಟಿಷ್ ಯುದ್ಧನೌಕೆಗಳ ಫಿರಂಗಿ ಮತ್ತು ಕಡಲ ವಿಮಾನಗಳ ಬಾಂಬು ದಾಳಿಯ ನಡುವೆ. ಅಲ್ಲಿದ್ದ ಹಡಗುಗಳಲ್ಲಿ ‘ಹಾರ್ಡಿಂಜ್’ ರಾಯಲ್ ಇಂಡಿಯನ್ ಮರೀನ್‌ಗೆ ಸೇರಿದ್ದು, ಅಂದರೆ ಭಾರತ ಸರ್ಕಾರದ ಹಡಗು. ಮೆಕ್ಕಾದ ತುರ್ಕಿ ಬ್ಯಾರಕ್ಕು ಮತ್ತು ತಾಯಿಫ್ ಕೋಟೆಯನ್ನು ಬುಡಕಟ್ಟಿನವರ ಹಳೆಯ ಬಂದೂಕುಗಳು ಏನೂ ಮಾಡಲಾಗಲಿಲ್ಲ. ಅದಕ್ಕೆ ಸುಡಾನಿನಿಂದ ಫಿರಂಗಿ ಬರಬೇಕಾಯಿತು. ಪವಿತ್ರ ನಗರಕ್ಕೆ ಮುಸ್ಲಿಮೇತರರು ಕಾಲಿಡುವಂತಿಲ್ಲವಾದ್ದರಿಂದ ಫಿರಂಗಿಯ ಜೊತೆ ಬಂದವರು ಈಜಿಪ್ಟ್ ಸೈನ್ಯದ ಮುಸ್ಲಿಂ ಗೋಲಂದಾಜರು. ಆ ವರ್ಷದ ಡಿಸೆಂಬರ್‌ನಲ್ಲಿ ತುರ್ಕರು ಮದೀನಾದಿಂದ ನುಗ್ಗಿ ಬಂದು ಫೈಸಲನ ಪಡೆಯನ್ನು ಯನ್ಬು ಬಂದರಿನ ತನಕ ಅಟ್ಟಿದಾಗ, ಊರನ್ನು ಕಾದದ್ದು ತೀರದಲ್ಲಿ ನಿಂತ ಬ್ರಿಟಿಷ್ ಹಡಗುಗಳು ಮತ್ತು ಅವು ರಾತ್ರಿ ಹಾಯಿಸುತ್ತಿದ್ದ ಸರ್ಚ್‌ಲೈಟು. 1917ರ ಜನವರಿಯಲ್ಲಿ ವಜ್ಹ್ ಬಂದರನ್ನು ಹಿಡಿದದ್ದೂ ಹಡಗುಗಳಿಂದ ಇಳಿಸಿದ ಅರಬರು ಮತ್ತು ನೌಕಾಪಡೆಯ ತೋಪುಗಳು ಸೇರಿ. ಇನ್ನು ಹಣ. ಆರಂಭದಲ್ಲಿ ತಿಂಗಳಿಗೆ 1,25,000 ಪೌಂಡ್, ಬಳಿಕ 2 ಲಕ್ಷ ಪೌಂಡ್, ಬಹುಪಾಲು ಚಿನ್ನದ ನಾಣ್ಯದಲ್ಲಿಯೇ. ಅದರ ಜೊತೆಗೆ ಅಕ್ಕಿ, ಹಿಟ್ಟು, ಬಂದೂಕು, ಮದ್ದುಗುಂಡು. ಮೆಸಪೊಟೇಮಿಯಾದಲ್ಲಿ ಸೆರೆಸಿಕ್ಕು ಭಾರತದ ಶಿಬಿರಗಳಲ್ಲಿದ್ದ ಅರಬ್ ಸೈನಿಕರಲ್ಲಿ ಕೆಲವರನ್ನು ಹಡಗು ಹತ್ತಿಸಿ ಹಿಜಾಜಿಗೆ ಕಳಿಸಿದರು. 1917ರ ನವೆಂಬರಿನಲ್ಲಿ ಯರ್ಮುಕ್ ಕಣಿವೆಯ ರೈಲು ಸೇತುವೆ ಒಡೆಯಲು ಹೋಗಿ ವಿಫಲವಾದ ಲಾರೆನ್ಸನ ತಂಡದಲ್ಲಿ ಭಾರತೀಯ ಮೆಷಿನ್‌ಗನ್ ಸಿಪಾಯಿಗಳಿದ್ದರು. ಸಿನಿಮಾ ನೋಡಿದವರಿಗೆ ಈ ಈಜಿಪ್ಟಿನವರಾಗಲಿ ಭಾರತದವರಾಗಲಿ ನೆನಪಿರುವ ಸಂಭವವಿಲ್ಲ.

ಯುದ್ಧ ಸಾಗಿದ ಬಗೆಯನ್ನು ತಿಳಿಯಲು ಆ ರೈಲು ಮಾರ್ಗವನ್ನು ಗಮನಿಸಬೇಕು. ಮದೀನಾದಲ್ಲಿ ಫಖ್ರಿ ಪಾಷಾನ ದೊಡ್ಡ ಕಾವಲುಪಡೆಯಿತ್ತು. ಅದಕ್ಕೆ ಕೂಳು, ಮದ್ದು, ಸುದ್ದಿ ಎಲ್ಲವೂ ಬರುತ್ತಿದ್ದದ್ದು ಆ ಒಂಟಿ ಹಳಿಯ ಮೇಲೆ. ಹಳಿಯನ್ನು ಅಲ್ಲಲ್ಲಿ ಕಿತ್ತರೆ ತುರ್ಕರು ರಿಪೇರಿ ಮಾಡಬೇಕು. ರಿಪೇರಿ ಮಾಡುವವರನ್ನು ಕಾಯಲು ಪ್ರತಿ ನಿಲ್ದಾಣದಲ್ಲಿ ಸೈನಿಕರನ್ನು ಇಡಬೇಕು. ಹೀಗೆ ಸಾವಿರಾರು ತುರ್ಕಿ ಸೈನಿಕರು ಮರಳುಗಾಡಿನ ಉದ್ದಕ್ಕೂ ಚದುರಿ ಕೂತರು, ಪ್ಯಾಲೆಸ್ಟೈನಿನ ಮುಖ್ಯ ರಣರಂಗಕ್ಕೆ ಅವರು ಒದಗಲಿಲ್ಲ. ಡೈನಮೈಟ್ ಹೂಳುವ ವಿದ್ಯೆ ಕಲಿಸಿದವರು ಗಾರ್ಲಂಡ್, ನ್ಯೂಕೊಂಬ್ ಮೊದಲಾದ ಬ್ರಿಟಿಷ್ ಅಧಿಕಾರಿಗಳು. ಲಾರೆನ್ಸ್ ಅವರ ನಂತರ ಕಲಿತವನು. ಆದರೆ ನೀರಿನ ಬಾವಿ ಎಲ್ಲಿದೆ, ಯಾವ ಬುಡಕಟ್ಟಿನ ಸೀಮೆಯನ್ನು ಯಾರ ಅನುಮತಿಯಿಲ್ಲದೆ ದಾಟುವಂತಿಲ್ಲ, ಯಾವ ಹಗೆಯನ್ನು ಹೇಗೆ ತಣಿಸಬೇಕು ಎಂಬ ತಿಳಿವಳಿಕೆ ಇಲ್ಲದೆ ಒಂದು ಹಳಿಯನ್ನೂ ಮುಟ್ಟಲಾಗುತ್ತಿರಲಿಲ್ಲ. ಅದು ಅರಬರಲ್ಲಿ ಮಾತ್ರ ಇತ್ತು. 1917ರ ಜುಲೈ 6ರಂದು ಅಕಾಬಾ ಬಂದರು ಬಿದ್ದದ್ದನ್ನೇ ನೋಡಿ. ಬ್ರಿಟಿಷ್ ಹಡಗುಗಳು ಕಡಲ ಕಡೆಯಿಂದ ಹಿಡಿಯಲು ಹಿಂಜರಿದಿದ್ದ ಆ ಊರನ್ನು ಹುವೈತಾತ್ ಬುಡಕಟ್ಟಿನ ಔದಾ ಅಬು ತಾಯಿಯ ಜನ ಮರುಭೂಮಿಯ ಕಡೆಯಿಂದ ಬಂದು ಹಿಡಿದರು. ಅಕಾಬಾ ಕೈಗೆ ಬಂದ ಮೇಲೆ ಒಟ್ಟೋಮನ್ ಸೈನ್ಯದಲ್ಲಿ ತರಬೇತಾದ ಜಾಫರ್ ಅಲ್‌ಅಸ್ಕರಿ, ಮೌಲೂದ್ ಮುಖ್ಲಿಸ್‌ನಂಥ ಅರಬ್ ಅಧಿಕಾರಿಗಳು ಶಿಸ್ತಿನ ಪಡೆ ಕಟ್ಟಿ, ಪ್ಯಾಲೆಸ್ಟೈನ್ ರಂಗದ ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿಯ ಸೈನ್ಯದ ಬಲ ಪಾರ್ಶ್ವವಾಗಿ ಉತ್ತರಕ್ಕೆ ಸರಿದರು. 1918ರ ಸೆಪ್ಟೆಂಬರಿನಲ್ಲಿ ಅಲೆನ್‌ಬಿಯ ಕೊನೆಯ ದಾಳಿಗೆ ಮುನ್ನ ದೆರಾ ಜಂಕ್ಷನ್ನಿನ ಮೂರೂ ದಿಕ್ಕಿನ ಹಳಿಗಳನ್ನು ಕತ್ತರಿಸಿದವರು ಇವರು.

‘ಬ್ರಿಟನ್ ಇಲ್ಲದಿದ್ದರೆ ಈ ಬಂಡಾಯ 1916ರಲ್ಲೇ ಸತ್ತುಹೋಗುತ್ತಿತ್ತು, ಹಾಗಿರುವಾಗ ಅದನ್ನು ಅರಬರದ್ದೆಂದು ಕರೆಯುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಸತ್ತುಹೋಗುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಯನ್ಬು ಒಂದೇ ಸಾಕು ಅದಕ್ಕೆ ಸಾಕ್ಷಿ. ಆದರೆ ನೆರವಿನ ಅಗತ್ಯವೇ ಒಡೆತನವನ್ನು ಕಸಿಯುವುದಾದರೆ, ಫ್ರೆಂಚ್ ನೌಕಾಪಡೆ ಮತ್ತು ಹಣವಿಲ್ಲದೆ ಗೆಲ್ಲಲಾರದಿದ್ದ ಅಮೆರಿಕದ ಸ್ವಾತಂತ್ರ್ಯ ಸಮರವನ್ನೂ ಫ್ರಾನ್ಸಿನದೆನ್ನಬೇಕು. ಯಾರೂ ಹಾಗೆನ್ನುವುದಿಲ್ಲ. ಇದಕ್ಕಿಂತ ಕಟುವಾದ ಆಕ್ಷೇಪ ಚಿನ್ನದ್ದು: ಬೆದುಯಿನರು ಕಾದಿದ್ದು ಸ್ವಾತಂತ್ರ್ಯಕ್ಕಲ್ಲ, ನಾಣ್ಯಕ್ಕೆ, ಕೊಟ್ಟವನ ಕಡೆ ವಾಲಿದರು ಎಂಬುದು. ಇದರಲ್ಲಿ ಸತ್ಯದ ಅಂಶವಿದೆ. ಕೆಲವು ಬುಡಕಟ್ಟುಗಳು ಎರಡೂ ಕಡೆಯಿಂದ ಹಣ ಪಡೆದವು, ಲೂಟಿ ಸಿಕ್ಕ ಕೂಡಲೇ ಮನೆಗೆ ಮರಳಿದವರು ಉಂಟು. ಆದರೆ ಹಿಜಾಜಿನ ಬದುಕು ನಿಂತಿದ್ದುದೇ ಯಾತ್ರಿಕರ ವರಮಾನ, ಇಸ್ತಾಂಬುಲ್ ಕಳಿಸುತ್ತಿದ್ದ ವರ್ಷಾಶನ, ಈಜಿಪ್ಟ್ ಮತ್ತು ಭಾರತದಿಂದ ಬರುತ್ತಿದ್ದ ಧಾನ್ಯದ ಮೇಲೆ. ಯುದ್ಧ ಯಾತ್ರೆಯನ್ನು ನಿಲ್ಲಿಸಿತು, ಕೆಂಪು ಸಮುದ್ರದಲ್ಲಿ ಬ್ರಿಟಿಷ್ ನೌಕಾಪಡೆಯ ತಡೆ ಧಾನ್ಯವನ್ನು ಬಿಗಿಹಿಡಿಯಿತು. ಹಸಿವನ್ನು ತಂದದ್ದರಲ್ಲಿ ಬ್ರಿಟನ್ನಿನ ಪಾಲೂ ಇರುವಾಗ, ಹಸಿದವರು ಅಕ್ಕಿ ಮತ್ತು ಹಣ ಪಡೆದದ್ದನ್ನು ಬ್ರಿಟನ್ ಹೀನಾಯವಾಗಿ ಕಾಣುವುದು ತರವಲ್ಲ. ಅಂದು ಯಾವ ಸೈನ್ಯವೂ ಸಂಬಳವಿಲ್ಲದೆ ಕಾದಲಿಲ್ಲ. ತಿಂಗಳಿಗೆ 11 ರೂಪಾಯಿ ಪಡೆದು ಸತ್ತ ಭಾರತೀಯ ಸಿಪಾಯಿಯ ಶೌರ್ಯವನ್ನು ಯಾರೂ ಬಾಡಿಗೆಯದೆನ್ನುವುದಿಲ್ಲ.

ಭಾರತದ ಕಡೆಯಿಂದ ಏಳುವ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದದ್ದು. ಇಲ್ಲಿನ ಬಹುಪಾಲು ಮುಸ್ಲಿಮರಿಗೆ ಹುಸೇನ್ ಖಲೀಫನ ಬೆನ್ನಿಗೆ ಚೂರಿ ಹಾಕಿದವನು, ಬ್ರಿಟಿಷರ ಕೈಗೊಂಬೆ. ದೇವಬಂದ್‌ನ ಮೌಲಾನಾ ಮಹಮೂದ್ ಹಸನ್ ಅವರು ಬ್ರಿಟಿಷ್ ಆಳ್ವಿಕೆಯನ್ನು ಕಿತ್ತೊಗೆಯುವ ಯತ್ನದಲ್ಲಿ ಹಿಜಾಜಿಗೆ ಹೋಗಿದ್ದರು. ತುರ್ಕರ ವಿರುದ್ಧದ ಫತ್ವಾಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಹುಸೇನನ ಆಡಳಿತ ಅವರನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿತು, ಅವರು 1920ರವರೆಗೆ ಮಾಲ್ಟಾ ದ್ವೀಪದಲ್ಲಿ ಸೆರೆಯಲ್ಲಿದ್ದರು. ಇದು ಹುಸೇನನ ಹೆಸರಿಗೆ ಅಂಟಿದ ಕಳಂಕ, ಅದನ್ನು ತೊಡೆಯಲು ನಾನು ಯತ್ನಿಸುವುದಿಲ್ಲ. ಆದರೂ ಕೈಗೊಂಬೆ ಎಂಬ ತೀರ್ಪು ನಿಲ್ಲುವುದಿಲ್ಲ. ಹುಸೇನ್ ಬ್ರಿಟಿಷ್ ಸಾಮ್ರಾಜ್ಯದ ಗೊಂಬೆಯಾಗಿದ್ದರೆ ಆ ಸಾಮ್ರಾಜ್ಯದ ಭಾರತ ಸರ್ಕಾರವೇ ಅವನನ್ನು ವಿರೋಧಿಸುತ್ತಿರಲಿಲ್ಲ. ದೆಹಲಿ ಮತ್ತು ಸಿಮ್ಲಾದ ಅಧಿಕಾರಿಗಳಿಗೆ ಅರಬರಿಗೆ ಸ್ವಾತಂತ್ರ್ಯದ ಮಾತು ಕೊಡುವುದೇ ಅಪಾಯಕಾರಿಯಾಗಿ ಕಂಡಿತ್ತು. ಮುಸ್ಲಿಂ ಪ್ರಜೆಗಳು ಕೆರಳುತ್ತಾರೆಂಬ ಭಯ ಒಂದು, ಬಸ್ರಾವನ್ನು ತಾವೇ ಇಟ್ಟುಕೊಳ್ಳುವ ಆಸೆ ಇನ್ನೊಂದು. ಕೈರೋ ಹುಸೇನನ ಜೊತೆ ಪತ್ರ ನಡೆಸುತ್ತಿದ್ದಾಗ ಭಾರತ ಸರ್ಕಾರದ ಅಧಿಕಾರಿ ಪರ್ಸಿ ಕಾಕ್ಸ್ 1915ರ ಡಿಸೆಂಬರಿನಲ್ಲಿ ಹುಸೇನನ ಎದುರಾಳಿ ಇಬ್ನ್ ಸೌದ್ ಜೊತೆ ಬೇರೆ ಒಪ್ಪಂದ ಮಾಡಿಕೊಂಡ. ಮುಂದೆ ಆತನಿಗೂ ತಿಂಗಳಿಗೆ 5,000 ಪೌಂಡ್ ಹೋಗತೊಡಗಿತು. ಒಂದೇ ಸಾಮ್ರಾಜ್ಯದ ಎರಡು ಕಚೇರಿಗಳು ಇಬ್ಬರು ಎದುರಾಳಿಗಳನ್ನು ಪೋಷಿಸಿದ ಈ ಗೊಂದಲದಲ್ಲಿ, ಅರೇಬಿಯಾವನ್ನು ಒಡೆಯುವ ಒಂದೇ ಸೂತ್ರಧಾರನ ಕೈ ನನಗೆ ಕಾಣುವುದಿಲ್ಲ.

ಇನ್ನು ಸಂಖ್ಯೆಯ ಪ್ರಶ್ನೆ. ಇಡೀ ಅರಬ್ ಜಗತ್ತು ಎದ್ದುನಿಲ್ಲುತ್ತದೆ, ಒಟ್ಟೋಮನ್ ಸೈನ್ಯದ ಅರಬ್ ದಳಗಳು ಪಕ್ಷ ಬದಲಿಸುತ್ತವೆ ಎಂದು ಬ್ರಿಟನ್ ನಂಬಿತ್ತು. ಗಲಿಪೊಲಿಯಲ್ಲಿ ಬ್ರಿಟಿಷರ ಕಡೆ ಬಂದ ಅಲ್‌ಫಾರೂಕಿ ಎಂಬ ಯುವ ಅಧಿಕಾರಿ ಆ ನಂಬಿಕೆಯನ್ನು ಉಬ್ಬಿಸಿದ್ದ. ಹಾಗಾಗಲಿಲ್ಲ. ಅರಬ್ ಸೈನಿಕರಲ್ಲಿ ಹೆಚ್ಚಿನವರು ಕೊನೆಯವರೆಗೂ ಸುಲ್ತಾನನ ಬಾವುಟದಡಿಯೇ ಉಳಿದರು, ಸಿರಿಯಾದ ನಗರಗಳು ತುರ್ಕರು ಹೊರಡುವ ತನಕ ಏಳಲಿಲ್ಲ. ಮದೀನಾ ಕೂಡ ಬಂಡಾಯಗಾರರಿಗೆ ದಕ್ಕಲಿಲ್ಲ, ಫಖ್ರಿ ಪಾಷಾ ಶರಣಾದದ್ದು ಕದನವಿರಾಮದ ನಂತರ, 1919ರ ಜನವರಿಯಲ್ಲಿ. ಆದ್ದರಿಂದ ಕರಾರಿನ ಅರಬ್ ಪಾಲು ಪೂರೈಸಲಿಲ್ಲ, ಬ್ರಿಟನ್ನಿನ ಮಾತೂ ಬಿದ್ದುಹೋಯಿತು ಎಂಬ ವಾದವಿದೆ. ಆದರೆ ಬ್ರಿಟನ್ ಅಂದು ಎಂದೂ ಹಾಗೆ ಹೇಳಲಿಲ್ಲ. 1917ರ ನವೆಂಬರಿನಲ್ಲಿ ರಷ್ಯಾದ ಬೊಲ್ಶೆವಿಕರು ಸೈಕ್ಸ್-ಪಿಕೊ ಒಪ್ಪಂದವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದರು. ಜಮಾಲ್ ಪಾಷಾ ಅದನ್ನೇ ಎತ್ತಿ ತೋರಿಸಿ ಅರಬರಿಗೆ ಸಂಧಾನದ ಪತ್ರ ಬರೆದ. ಹುಸೇನ್ ಆ ಪತ್ರಗಳನ್ನು ಬ್ರಿಟಿಷರಿಗೇ ಕಳಿಸಿ ವಿವರಣೆ ಕೇಳಿದ. 1918ರ ಫೆಬ್ರುವರಿಯಲ್ಲಿ ಬಂದ ಉತ್ತರ, ಇದೆಲ್ಲ ತುರ್ಕರು ಬಿತ್ತುವ ಅಪನಂಬಿಕೆ, ಅರಬರ ವಿಮೋಚನೆಯ ಮಾತಿಗೆ ನಾವು ಬದ್ಧ ಎಂದು ಹೇಳಿತು. ಹುಸೇನನ ಪಾಲು ಪೂರೈಸಿಲ್ಲ ಎಂದು ಬ್ರಿಟನ್ನಿಗೆ ಅನ್ನಿಸಿದ್ದರೆ ಹೇಳಲು ಅದೇ ಸಮಯ. ಹೇಳದೆ ಹೊಸ ಭರವಸೆ ಕೊಟ್ಟು ಇನ್ನೂ ಎಂಟು ತಿಂಗಳು ಅವರ ರಕ್ತವನ್ನು ಬಳಸಿಕೊಂಡವರು, ಯುದ್ಧ ಗೆದ್ದ ಮೇಲೆ ಲೆಕ್ಕ ತೆಗೆಯುವುದು ನ್ಯಾಯವಲ್ಲ.

ಆ ಎಂಟು ತಿಂಗಳಲ್ಲಿ ಕನ್ನಡ ನೆಲದವರೂ ಅಲ್ಲಿದ್ದರು. 1918ರ ವಸಂತದಲ್ಲಿ ಜರ್ಮನಿ ಫ್ರಾನ್ಸಿನಲ್ಲಿ ಮುನ್ನುಗ್ಗಿದಾಗ ಅಲೆನ್‌ಬಿಯ ಬ್ರಿಟಿಷ್ ದಳಗಳಲ್ಲಿ ಬಹಳಷ್ಟನ್ನು ಅಲ್ಲಿಗೆ ಕಳಿಸಿ, ಅವುಗಳ ಜಾಗಕ್ಕೆ ಭಾರತೀಯರನ್ನು ತುಂಬಲಾಯಿತು. ಸುಯೆಜ್ ಕಾಲುವೆಯ ಕಾವಲಿನಿಂದಲೇ ಆ ರಂಗದಲ್ಲಿದ್ದ ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್, ಜೋಧಪುರ ಮತ್ತು ಹೈದರಾಬಾದ್ ಲ್ಯಾನ್ಸರ್ಸ್ ಜೊತೆ 15ನೇ ಅಶ್ವದಳ ಬ್ರಿಗೇಡಿನಲ್ಲಿತ್ತು. ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದ ಕುದುರೆ ದಾಳಿಯಲ್ಲಿ ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟವೇರಿ ಫಿರಂಗಿಗಳನ್ನು ವಶಪಡಿಸಿಕೊಂಡರು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ ಇಲ್ಲಿಗೆ ನಿಲ್ಲುತ್ತದೆ, ಮೈಸೂರಿನವರ ದಂಡಯಾತ್ರೆ ನಿಲ್ಲಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೊ ಸಮೀಪದ ಹರಿತಾನ್ ಬಳಿ ಮೈಸೂರು ಮತ್ತು ಜೋಧಪುರದ ಸವಾರರು ಈ ರಂಗದ ಕೊನೆಯ ಕಾಳಗ ನಡೆಸಿದರು. ಅದೇ ಹೊತ್ತಿಗೆ ಫೈಸಲನ ಅರಬರು ಅಲೆಪ್ಪೊ ನಗರದೊಳಗೆ ನುಗ್ಗಿದ್ದರು. ಅಲೆಪ್ಪೊ ಮ್ಯಾಕ್‌ಮಹೊನ್ ಪತ್ರದ ನಾಲ್ಕು ಊರುಗಳಲ್ಲಿ ಒಂದು. ಹೈಫಾ, ಎರಡು ವರ್ಷ ಮುಂಚೆಯೇ ಗುಪ್ತ ಒಪ್ಪಂದದಲ್ಲಿ ಬ್ರಿಟನ್ ತನಗೆಂದು ಎತ್ತಿಟ್ಟುಕೊಂಡ ಬಂದರು. ನಮ್ಮವರ ಶೌರ್ಯವನ್ನು ನೆನೆಯುವಾಗ, ಅದು ಯಾರ ಲೆಕ್ಕಕ್ಕೆ ಜಮೆಯಾಯಿತು ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಆ ಸವಾರರಿಗೆ ಪೂರ್ತಿ ಗೌರವ ಕೊಟ್ಟಂತಾಗದು.

ಡಮಾಸ್ಕಸ್ ಬಿದ್ದದ್ದು ಅಕ್ಟೋಬರ್ 1ರಂದು. ಎರಡೇ ದಿನದಲ್ಲಿ ಅಲೆನ್‌ಬಿ ಅಲ್ಲಿನ ಹೋಟೆಲೊಂದರಲ್ಲಿ ಫೈಸಲನನ್ನು ಕರೆಸಿ, ಸಿರಿಯಾದ ಮೇಲ್ವಿಚಾರಣೆ ಫ್ರಾನ್ಸಿನದೆಂದೂ ಲೆಬನಾನ್ ಅವನ ಆಡಳಿತಕ್ಕೆ ಸೇರದೆಂದೂ ತಿಳಿಸಿದ. ಮರುದಿನ ಲಾರೆನ್ಸ್ ಡಮಾಸ್ಕಸ್ ಬಿಟ್ಟು ಹೊರಟ. ಕೊಟ್ಟ ಮಾತು ಉಳಿಯುವುದಿಲ್ಲವೆಂದು ಗೊತ್ತಿದ್ದೂ ಅರಬರನ್ನು ಹುರಿದುಂಬಿಸಿದ್ದಕ್ಕೆ ತಾನು ನಾಚಿದೆನೆಂದು ಆತ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ನವೆಂಬರ್ 7ರಂದು ಬ್ರಿಟನ್ ಮತ್ತು ಫ್ರಾನ್ಸ್ ಮತ್ತೊಮ್ಮೆ ಜಂಟಿ ಘೋಷಣೆ ಹೊರಡಿಸಿ, ಜನರೇ ಆರಿಸಿದ ಸರ್ಕಾರಗಳನ್ನು ಕಟ್ಟಿಕೊಡುತ್ತೇವೆ ಎಂದವು. 1919ರಲ್ಲಿ ಅಮೆರಿಕದ ಕಿಂಗ್-ಕ್ರೇನ್ ಆಯೋಗ ಸಿರಿಯಾ ಸುತ್ತಿ, ಜನರಿಗೆ ಬೇಕಿರುವುದು ಸ್ವಾತಂತ್ರ್ಯ, ಫ್ರೆಂಚರಂತೂ ಬೇಡವೇ ಬೇಡ ಎಂದು ವರದಿ ಮಾಡಿತು. 1920ರ ಏಪ್ರಿಲ್‌ನಲ್ಲಿ ಸ್ಯಾನ್ ರೆಮೊ ಸಮ್ಮೇಳನದಲ್ಲಿ ಸಿರಿಯಾ ಮತ್ತು ಲೆಬನಾನ್ ಫ್ರಾನ್ಸಿನ ಪಾಲಾದವು, ಇರಾಕ್ ಮತ್ತು ಪ್ಯಾಲೆಸ್ಟೈನ್ ಬ್ರಿಟನ್ನಿನ ಪಾಲಾದವು. ಜುಲೈ 24ರಂದು ಮೈಸಲೂನಿನಲ್ಲಿ ಫ್ರೆಂಚ್ ಸೈನ್ಯ ಫೈಸಲನ ಪಡೆಯನ್ನು ಪುಡಿಗಟ್ಟಿತು, ಅವನ ಯುದ್ಧಮಂತ್ರಿ ಯೂಸುಫ್ ಅಲ್‌ಅಜ್ಮಾ ರಣದಲ್ಲೇ ಸತ್ತ. ಅದೇ ಬೇಸಗೆಯಲ್ಲಿ ಇರಾಕ್ ಬ್ರಿಟಿಷರ ವಿರುದ್ಧ ಸಿಡಿದೆದ್ದಾಗ ಅದನ್ನು ತುಳಿಯಲು ಕಳಿಸಿದ ಸೈನ್ಯದಲ್ಲಿ ಬಹುಪಾಲು ಭಾರತೀಯರಿದ್ದರು. ಬಳಿಕ ಬ್ರಿಟನ್ ಫೈಸಲನನ್ನು ಇರಾಕಿನ ರಾಜನಾಗಿಸಿತು, ಅಬ್ದುಲ್ಲಾನನ್ನು ಜೋರ್ಡಾನ್ ನದಿಯಾಚೆ ಕೂರಿಸಿತು. ಋಣ ತೀರಿತೆಂದು ಆಗಿನ ವಸಾಹತು ಮಂತ್ರಿ ಚರ್ಚಿಲ್, ಲಾರೆನ್ಸ್ ಇಬ್ಬರೂ ಭಾವಿಸಿದರು. ಆದರೆ ಮಾತು ಕೊಟ್ಟದ್ದು ಒಂದು ಜನಾಂಗದ ಸ್ವಾತಂತ್ರ್ಯದ ಬಗ್ಗೆ. ಒಂದು ಮನೆತನದ ಇಬ್ಬರು ಮಕ್ಕಳಿಗೆ ಸಿಂಹಾಸನ ಹುಡುಕಿಕೊಟ್ಟು ಅದನ್ನು ತೀರಿಸಲಾಗದು.

ಕೊನೆಯದಾಗಿ ಪತ್ರದ ಅಸ್ಪಷ್ಟತೆಯ ವಾದ. ಪ್ಯಾಲೆಸ್ಟೈನನ್ನು ಹೊರಗಿಡುವುದೇ ತನ್ನ ಉದ್ದೇಶವಾಗಿತ್ತೆಂದು ಮ್ಯಾಕ್‌ಮಹೊನ್ 1922ರಲ್ಲಿ ಹೇಳಿದ, ಬ್ರಿಟಿಷ್ ಸರ್ಕಾರವೂ ಅದನ್ನೇ ಹಿಡಿದು ವಾದಿಸಿತು. ಭೂಪಟ ಬಿಡಿಸಿ ನೋಡಿ. ಡಮಾಸ್ಕಸ್‌ನಿಂದ ಅಲೆಪ್ಪೊವರೆಗಿನ ಆ ನಾಲ್ಕು ಊರುಗಳ ಪಶ್ಚಿಮಕ್ಕಿರುವುದು ಲೆಬನಾನ್ ಮತ್ತು ಸಿರಿಯಾದ ಕರಾವಳಿ. ಜೆರುಸಲೇಮ್ ಡಮಾಸ್ಕಸ್‌ಗೂ ಬಹಳ ದಕ್ಷಿಣದಲ್ಲಿದೆ. ಬರೆದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಪತ್ರ ಪಡೆದವನಿಗೆ ಕಾಣುವುದಿಲ್ಲ, ಅವನು ಪ್ರಾಣ ಪಣಕ್ಕಿಟ್ಟದ್ದು ಬರೆದ ಮಾತನ್ನು ನಂಬಿ. ಯುದ್ಧಕಾಲದ ಒತ್ತಡದಲ್ಲಿ ಫ್ರಾನ್ಸನ್ನೂ ಅರಬರನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕಿತ್ತು ಎಂಬುದು ನಿಜ. ಆದರೆ ಆ ಒತ್ತಡ ಅಸ್ಪಷ್ಟವಾಗಿ ಬರೆಯಲು ಕಾರಣವಾದೀತು, ಆ ಅಸ್ಪಷ್ಟತೆಯ ಲಾಭವನ್ನು ಬರೆದವನೇ ಉಣ್ಣಲು ಕಾರಣವಾಗದು. ಹುಸೇನ್ ಬ್ರಿಟನ್ನಿನ ಈ ವ್ಯಾಖ್ಯಾನವನ್ನು ಎಂದೂ ಒಪ್ಪಲಿಲ್ಲ. ವರ್ಸೇಲ್ಸ್ ಒಪ್ಪಂದವನ್ನು ಆತ ಅನುಮೋದಿಸಲಿಲ್ಲ. 1921ರಲ್ಲಿ ಬ್ರಿಟನ್ ಮುಂದಿಟ್ಟ ಬೇರೊಂದು ಒಪ್ಪಂದಕ್ಕೆ ಸಹಿ ಹಾಕಿಸಲು ಲಾರೆನ್ಸನೇ ಜಿದ್ದಾಕ್ಕೆ ಹೋಗಿ ವಾರಗಟ್ಟಲೆ ಕೂತರೂ ಮಣಿಯಲಿಲ್ಲ. ಇಬ್ನ್ ಸೌದ್‌ನ ಪಡೆ 1924ರಲ್ಲಿ ಮೆಕ್ಕಾ ಹೊಕ್ಕಾಗ ಬ್ರಿಟನ್ ತಟಸ್ಥವಾಗಿ ನಿಂತಿತು. ಹುಸೇನ್ ಪಟ್ಟ ಬಿಟ್ಟು ಸೈಪ್ರಸ್‌ನಲ್ಲಿ ದೇಶಭ್ರಷ್ಟನಾಗಿ ವರ್ಷಗಳನ್ನು ಕಳೆದು 1931ರಲ್ಲಿ ಅಮ್ಮಾನ್‌ನಲ್ಲಿ ತೀರಿಕೊಂಡ. ಆತನೊಂದಿಗೆ ನಡೆದ ಪತ್ರವ್ಯವಹಾರವನ್ನು ಬ್ರಿಟಿಷ್ ಸರ್ಕಾರ ಅಧಿಕೃತವಾಗಿ ಪ್ರಕಟಿಸಿದ್ದು 1939ರಲ್ಲಿ. ಅದನ್ನು ಪರಿಶೀಲಿಸಿದ ಸಮಿತಿಯಲ್ಲಿ ಬ್ರಿಟನ್ನಿನ ಪ್ರತಿನಿಧಿಗಳೇ, ಅರಬರ ವಾದಕ್ಕೆ ತಾವು ಈವರೆಗೆ ಅಂದುಕೊಂಡಿದ್ದಕ್ಕಿಂತ ಹೆಚ್ಚು ಬಲವಿದೆ ಎಂದು ಒಪ್ಪಿಕೊಂಡರು.